ತೂಗುಬುಟ್ಟಿಯಲ್ಲಿ ಹೋಯಾ ಬಳ್ಳಿ

ಪುಣೆಯ ಎಂಪ್ರೆಸ್ ಉದ್ಯಾನದಲ್ಲಿ ಜನವರಿಯಲ್ಲಿ ನಡೆಯುವ ಪುಷ್ಪಪ್ರದರ್ಶನದಿಂದ ಹಿಂದಿರುಗುವವರಲ್ಲಿ ಅನೇಕರ ಕೈಯಲ್ಲಿ ಒಂದಾದರೂ ಸಸಿ ಇರುತ್ತದೆ. ಬಹುಮಹಡಿ ಕಟ್ಟಡದಲ್ಲಿ ವಾಸಿಸುತ್ತ ಪರಿಮಳದ ಹೂವನ್ನು ಬಯಸುವ ಇಂಥವರಿಗೆ ಹೋಯಾ ತಕ್ಕ ಬಳ್ಳಿಯಾಗಿದೆ. ಇದು ಎಕ್ಕದ ಬಂಧು. ಮೇಣದಿಂದ ಮಾಡಿದಂತೆ ಕಾಣುವ ನಕ್ಷತ್ರಾಕಾರದ ಹೂಗಳು ಗೊಂಚಲಾಗಿ ಅರಳಿ ರಾತ್ರಿಯ ವೇಳೆ ಹೆಚ್ಚು ಕಂಪನ್ನು ಸೂಸುತ್ತವೆ. ಮನೆಗಳಲ್ಲಿ ಸಾಮಾನ್ಯವಾಗಿ ಬೆಳೆಸುವ ಹೋಯಾ ಕಾರ್ನೋಸಾ ಪೂರ್ವ ಏಷ್ಯಾದ್ದು. ಹೋಯಾ ವೈಟಿಯೈ ಎಂಬುದಾದರೋ ಪಶ್ಚಿಮ ಘಟ್ಟಗಳ ನಮ್ಮದೇ ಬಳ್ಳಿ.

ಕಾಡಿನಲ್ಲಿ ಹೋಯಾ ಮರಗಳನ್ನು ಆಶ್ರಯಿಸಿ ಬೆಳೆಯುತ್ತದೆ. ಆದರೆ ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಇದರ ಬೇರುಗಳಿಗೆ ತೇವದಷ್ಟೇ ಗಾಳಿಯೂ ಅವಶ್ಯಕ. ಆದ್ದರಿಂದ ಪುಣೆಯ ಸುತ್ತಲಿನ ಅಂಟು ಕಪ್ಪುಮಣ್ಣನ್ನು ಬುಟ್ಟಿಗೆ ತುಂಬಲಾಗದು. ತೆಂಗಿನ ನಾರು, ಇಟ್ಟಿಗೆಯ ಚೂರು, ಇದ್ದಿಲು ಮತ್ತು ಸ್ವಲ್ಪ ಎಲೆಗೊಬ್ಬರದ ಮಿಶ್ರಣವು ಉತ್ತಮ. ಬುಟ್ಟಿ ಚಿಕ್ಕದಾಗಿರಲಿ, ಬೇರುಗಳು ಇಕ್ಕಟ್ಟಾಗಿದ್ದರೆ ಈ ಬಳ್ಳಿಗೆ ಬೇಸರವಿಲ್ಲ.

ಬೆಳಗಿನ ಎಳೆಬಿಸಿಲು ಹಿತಕರ, ಪಶ್ಚಿಮದ ಬಿಸಿಲು ಎಲೆಗಳನ್ನು ಸುಡುತ್ತದೆ. ಸುತ್ತಲೂ ಗಾಳಿಯಾಡುವ ತೂಗುಬುಟ್ಟಿಯು ನೆಲದ ಕುಂಡಕ್ಕಿಂತ ಬೇಗ ಒಣಗುವುದರಿಂದ ಏಪ್ರಿಲ್-ಮೇ ತಿಂಗಳುಗಳಲ್ಲಿ ಅದನ್ನು ದಿನವೂ ಪರೀಕ್ಷಿಸಬೇಕು. ಬೆರಳನ್ನು ಒಂದು ಅಂಗುಲದಷ್ಟು ಇಳಿಸಿದಾಗ ತೇವ ತಾಗದಿದ್ದರೆ ಮಾತ್ರ ನೀರುಣಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬುಟ್ಟಿಯನ್ನು ಮಳೆಯ ಎರಚಲಿನಿಂದ ದೂರವಿಡುವುದು ಲೇಸು. ಒಣಗಿ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವ ಹೋಯಾಗಳೇ ಹೆಚ್ಚು.

ಬುಟ್ಟಿಯ ಕೆಳಗಿನ ತಟ್ಟೆಯ ವಿಷಯದಲ್ಲಿ ಉದಾಸೀನ ಸಲ್ಲದು. ಡೆಂಗೆ ಹರಡುವ ಈಡಿಸ್ ಸೊಳ್ಳೆಯು ಇಂಥ ನಿಂತ ನೀರಿನಲ್ಲಿಯೇ ಬೆಳೆಯುತ್ತದೆ, ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಎತ್ತರದಲ್ಲಿರುವ ತಟ್ಟೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅದನ್ನು ತೆಗೆದುಬಿಡುವುದೇ ಕ್ಷೇಮಕರ. ಇಡಲೇಬೇಕಾದಲ್ಲಿ ವಾರಕ್ಕೊಮ್ಮೆಯಾದರೂ ಬರಿದು ಮಾಡಿ, ಉಜ್ಜಿ ತೊಳೆಯಬೇಕು. ಮೊಟ್ಟೆಗಳು ಒಣಗಿದ ಅಂಚಿಗೂ ಅಂಟಿಕೊಂಡಿರುತ್ತವೆ. ನೀರುಂಡ ಬುಟ್ಟಿಯ ಭಾರವನ್ನು ಕೊಕ್ಕೆ ತಾಳುವುದೇ ಎಂಬುದನ್ನೂ ನೋಡಿಕೊಳ್ಳಬೇಕು.

ಎಲೆಯ ಸಂದುಗಳಲ್ಲಿ ಬಿಳಿಯ ಹಿಟ್ಟು ತಿಗಣೆ ಕಂಡುಬಂದರೆ ಸಾಬೂನು ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬಹುದು.

ಕಡ್ಡಿಯಿಂದ ಬೆಳೆಸಿದ ಬಳ್ಳಿ ಹೂಬಿಡಲು ಎರಡು ಮೂರು ವರ್ಷಗಳು ಹಿಡಿಯುವುದುಂಟು. ಹೀಗೆ ಕಾದು ಪಡೆದ ಹೂಗಳು ಉದುರಿದ ಮೇಲೆ ಮೋಟು ತೊಟ್ಟು ಉಳಿಯುತ್ತದೆ. ಅಂದಗೇಡೆಂದು ಅದನ್ನು ಕತ್ತರಿಸುವವರು ಬಹಳ. ಆದರೆ ಮುಂದಿನ ಮೊಗ್ಗುಗಳು ಮೂಡುವುದು ಅದೇ ತೊಟ್ಟಿನಲ್ಲಿ. ಎಲೆಯಿಲ್ಲದ ಉದ್ದನೆಯ ಕುಡಿಗಳನ್ನೂ ಕತ್ತರಿಸಬಾರದು. ಎಲೆಗಳು ಅವುಗಳಲ್ಲಿ ತಡವಾಗಿ ಬರುತ್ತವೆ. ಮೊಗ್ಗು ಕಾಣಿಸಿಕೊಂಡ ನಂತರ ಬುಟ್ಟಿಯನ್ನು ತಿರುಗಿಸದೆ, ಸ್ಥಳ ಬದಲಿಸದೆ ಇದ್ದಲ್ಲಿಯೇ ಬಿಡಬೇಕು. ಇಲ್ಲವಾದರೆ ಮೊಗ್ಗುಗಳು ಅರಳುವ ಮೊದಲೇ ಉದುರಿಹೋಗಬಹುದು.