ಮಣ್ಣಿನಲ್ಲಿ ದೊರೆತ ಮದ್ದು

ಮಳೆಗಾಲದಲ್ಲಿ ಉಪ್ಪಿನಕಾಯಿ ಭರಣಿಗೆ ಬೂಷ್ಟು ಹಿಡಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಶಿಲೀಂಧ್ರವರ್ಗದ ಕೆಲವು ಜೀವಿಗಳು ಮನುಷ್ಯನ ದೇಹದಲ್ಲಿಯೂ ಬೆಳೆದು ಬಾಧಿಸಬಲ್ಲವೆಂಬುದು, ನನ್ನ ತಮ್ಮನು ಹಾಸಿಗೆ ಹಿಡಿಯುವವರೆಗೆ ನನಗೆ ತಿಳಿದಿರಲಿಲ್ಲ. ಹಲವು ದಿನ ಆಂಟಿಬಯಾಟಿಕ್ ಗುಳಿಗೆ ನುಂಗಿದ ಮೇಲೆ ಜ್ವರವೇನೋ ಬಿಟ್ಟಿತು. ಆದರೆ ನಾಲಗೆಯ ಮೇಲೆ ಮೊಸರಿನ ಕೆನೆಯಂತಹ ಬಿಳಿಯ ಪದರ ಕಟ್ಟಿ, ಅನ್ನ ನುಂಗುವುದೇ ಕಷ್ಟವಾಯಿತು. ಆಗ ವೈದ್ಯರು ಕೊಟ್ಟ ಔಷಧದ ಹೆಸರು ನಿಸ್ಟಾಟಿನ್. ಆ ಹೆಸರಿನ ಮೂಲವನ್ನು ಹುಡುಕುತ್ತ ಹೋದ ನನಗೆ ದೊರೆತದ್ದು ಎಲಿಜಬೆತ್ ಲೀ ಹೇಜನ್ ಎಂಬಾಕೆಯ ಜೀವನ.

ಹೇಜನ್ 1885ರಲ್ಲಿ ಅಮೆರಿಕದ ಮಿಸಿಸಿಪಿ ಪ್ರಾಂತದಲ್ಲಿ ಹುಟ್ಟಿದಳು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದಳು. ಶಾಲೆಯಲ್ಲಿ ಪಾಠ ಹೇಳುತ್ತ ಮುಂದೆ ಓದಿ, ನಲವತ್ತು ದಾಟಿದ ಮೇಲೆ, 1927ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದಳು. 1931ರಲ್ಲಿ ನ್ಯೂಯಾರ್ಕ್ ಪ್ರಾಂತದ ಆರೋಗ್ಯ ಇಲಾಖೆಯ ಪ್ರಯೋಗಾಲಯವನ್ನು ಸೇರಿ, ಮುಂದೆ ರೋಗಕಾರಕ ಶಿಲೀಂಧ್ರಗಳ ಅಧ್ಯಯನಕ್ಕೆ ತೊಡಗಿದಳು.

ಈ ಅಧ್ಯಯನ ಆಗ ಏಕೆ ಅಗತ್ಯವಾಯಿತು? ನಮ್ಮ ದೇಹದಲ್ಲಿ ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಒಂದನ್ನೊಂದು ಹತೋಟಿಯಲ್ಲಿಟ್ಟುಕೊಂಡು ಬಾಳುತ್ತವೆ. ಆಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಾಗಳನ್ನು ಕೊಂದಾಗ, ಹಗೆ ಇಲ್ಲದ ಬಯಲಿನಲ್ಲಿ ಶಿಲೀಂಧ್ರವು ಹಬ್ಬುತ್ತದೆ. ಅದನ್ನು ಕೊಲ್ಲುವುದು ಸುಲಭವಲ್ಲ. ಶಿಲೀಂಧ್ರದ ಜೀವಕೋಶವು ರಚನೆಯಲ್ಲಿ ನಮ್ಮ ಜೀವಕೋಶಕ್ಕೆ ಹತ್ತಿರದ್ದಾದುದರಿಂದ, ಅದಕ್ಕೆ ವಿಷವಾದದ್ದು ನಮಗೂ ವಿಷವಾಗಬಹುದು.

ಮದ್ದು ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ದೊರೆತೀತೆಂದು ಹೇಜನ್ ಊಹಿಸಿದಳು. ಆದರೆ ಆಕೆ ರಸಾಯನಶಾಸ್ತ್ರಜ್ಞೆಯಲ್ಲ. 1948ರಲ್ಲಿ ಆಲ್ಬನಿ ನಗರದ ರೇಚಲ್ ಬ್ರೌನ್ ಎಂಬ ರಸಾಯನಜ್ಞೆ ಆಕೆಯೊಡನೆ ಸೇರಿದಳು. ಇಬ್ಬರ ನಡುವೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರ. ಅಂಚೆಯೇ ಅವರ ಸೇತುವೆ. ಹೇಜನ್ ಮಣ್ಣಿನಿಂದ ಬೆಳೆಸಿದ ಜೀವಿಗಳನ್ನು ಗಾಜಿನ ಭರಣಿಯಲ್ಲಿಟ್ಟು ಕಳುಹಿಸುವಳು. ಬ್ರೌನ್ ಅದರ ಸಾರ ತೆಗೆದು ಹಿಂದಿರುಗಿಸುವಳು. ಹೇಜನ್ ಮತ್ತೆ ಪರೀಕ್ಷಿಸುವಳು. ಶಿಲೀಂಧ್ರವನ್ನು ಕೊಂದ ಎಷ್ಟೋ ಸಾರಗಳು ಪ್ರಯೋಗದ ಇಲಿಗಳಿಗೂ ವಿಷವಾದವು. ಕೊನೆಗೆ ವರ್ಜೀನಿಯಾ ಪ್ರಾಂತದ ನೋರ್ಸ್ ಎಂಬ ಸ್ನೇಹಿತರ ಹೊಲದ ಮಣ್ಣು ಕೈಹಿಡಿಯಿತು. ಅದರಲ್ಲಿದ್ದ ಜೀವಿಗೆ ಸ್ಟ್ರೆಪ್ಟೊಮೈಸಿಸ್ ನೋರ್ಸೈ ಎಂದು ಹೆಸರಾಯಿತು. 1950ರಲ್ಲಿ ಪ್ರಕಟವಾದ ಔಷಧಕ್ಕೆ ನ್ಯೂಯಾರ್ಕ್ ಸ್ಟೇಟ್ ಎಂಬುದರಿಂದ ನಿಸ್ಟಾಟಿನ್ ಎಂಬ ಹೆಸರು ಬಂದಿತು. ಶಿಲೀಂಧ್ರದ ಕೋಶಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ವಸ್ತುವಿದೆ. ನಮ್ಮ ಪೊರೆಯಲ್ಲಿ ಅದರ ಬದಲು ಕೊಲೆಸ್ಟೆರಾಲ್ ಇದೆ. ನಿಸ್ಟಾಟಿನ್ ಮುಖ್ಯವಾಗಿ ಮೊದಲನೆಯದಕ್ಕೆ ಅಂಟಿ, ಪೊರೆಯನ್ನು ತೂತುಮಾಡಿ, ಶಿಲೀಂಧ್ರವನ್ನು ಸಾಯಿಸುತ್ತದೆ.

ಕಲೆಯ ವಿದ್ಯಾರ್ಥಿಗಳಾದ ನಮಗೂ ಇದರ ನಂಟುಂಟು. 1966ರಲ್ಲಿ ಇಟಲಿಯ ಫ್ಲಾರೆನ್ಸ್ ನಗರವನ್ನು ಪ್ರವಾಹವು ಮುಳುಗಿಸಿದಾಗ, ನೆನೆದ ಚಿತ್ರಗಳಿಗೆ ಹಿಡಿದ ಬೂಷ್ಟನ್ನು ತಡೆಯಲು ಇದೇ ಔಷಧವನ್ನು ಬಳಸಿದರು.

ಈ ಔಷಧದಿಂದ ಬಂದ ಗೌರವಧನ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಹೆಚ್ಚು. ಇಬ್ಬರೂ ಅದನ್ನು ತಮಗೆಂದು ಇಟ್ಟುಕೊಳ್ಳದೆ ಸಂಶೋಧನೆಗೆಂದೇ ಬಿಟ್ಟುಕೊಟ್ಟರು. ಹೇಜನ್ 1975ರಲ್ಲಿಯೂ ಬ್ರೌನ್ 1980ರಲ್ಲಿಯೂ ತೀರಿಕೊಂಡರು.

ತಮ್ಮನು ಈಗ ಹುಳಿ ಕಲಸಿದ ಅನ್ನವನ್ನು ಮೊದಲಿನಂತೆಯೇ ಉಣ್ಣುತ್ತಾನೆ. ತನಗೆ ತಿಳಿಯದ್ದನ್ನು ಬಲ್ಲವಳ ಬಳಿಗೆ ಭರಣಿ ಕಳುಹಿಸಲು ಹೇಜನ್ ಸಂಕೋಚಪಟ್ಟಿದ್ದರೆ ಆ ಮದ್ದು ಮಣ್ಣಿನಲ್ಲಿಯೇ ಉಳಿಯುತ್ತಿತ್ತೇನೋ! ಒಂದು ಶಾಸ್ತ್ರವನ್ನು ಓದುವವರು ಇನ್ನೊಂದರ ಬಾಗಿಲು ತಟ್ಟಲು ನಾಚಬಾರದೆಂಬುದೇ ಆಕೆಯ ಜೀವನದಿಂದ ನಾನು ಕಲಿತ ಪಾಠ.