ಕರಿಯ ಗೇಟು ಹಾರುತ್ತಿದ್ದಾನೆ, ಮಾತ್ರೆ ನಿಲ್ಲಿಸಲೇ?

ಪ್ರಶ್ನೆ: ನಮ್ಮ ಮೂರು ವರ್ಷದ ನಾಯಿ ಕರಿಯ ಹೋದ ವಾರ ಊಟ ಬಿಟ್ಟು ಮೂಲೆ ಸೇರಿದ್ದ. ಜ್ವರ 104 ಡಿಗ್ರಿ, ಮೂಗಿನಲ್ಲಿ ರಕ್ತ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ‘ಎರ್ಲಿಕಿಯಾ, ಉಣ್ಣಿ ಜ್ವರ’ ಎಂದು 28 ದಿನಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರು. ಆರನೇ ದಿನಕ್ಕೇ ಎದ್ದು ಗೇಟು ಹಾರಲು ಶುರುಮಾಡಿದ್ದಾನೆ. ‘ಇಷ್ಟೊಂದು ಮಾತ್ರೆ ಉಷ್ಣ, ನಿಲ್ಲಿಸು’ ಅನ್ನುತ್ತಾರೆ ಅತ್ತೆ. ಎರಡು ಸಲ ವಾಂತಿಯನ್ನೂ ಮಾಡಿದ. ಮನೆಯ ಬೆಕ್ಕೂ ಮಂಕಾಗಿದೆ, ಅದಕ್ಕೂ ಅರ್ಧ ಮಾತ್ರೆ ಹಾಕಬಹುದೇ? ನಾಲ್ಕು ವರ್ಷದ ಮಗಳು ಕರಿಯನನ್ನು ಬಿಟ್ಟಿರುವುದಿಲ್ಲ. ಇದು ಮಂಗನ ಕಾಯಿಲೆಯ ಉಣ್ಣಿಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಲ್ಲಿಸಬೇಡಿ. ಎರ್ಲಿಕಿಯಾ ಎಂಬ ಈ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ರೋಗದೊಡನೆ ಹೋರಾಡಬೇಕಾದ ಬಿಳಿ ರಕ್ತಕಣದೊಳಗೇ. ಕಾವಲುಗಾರನ ಮನೆಯಲ್ಲೇ ಕಳ್ಳ ಬಾಡಿಗೆಗಿದ್ದ ಹಾಗೆ. ಮಾತ್ರೆ ಶುರುವಾದ ಎರಡು ಮೂರು ದಿನದಲ್ಲಿ ಜ್ವರ ಇಳಿದು ಹಸಿವು ಮರಳುತ್ತದೆ. ಎಷ್ಟೋ ಮನೆಗಳಲ್ಲಿ ಮಾತ್ರೆಯ ಹಾಳೆ ಅಲ್ಲಿಗೇ ಕಪಾಟು ಸೇರುತ್ತದೆ. ಉಳಿದ ಬ್ಯಾಕ್ಟೀರಿಯಾಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿದ್ದು, ಮತ್ತೆ ತಲೆಯೆತ್ತಿದಾಗ ಮೂಳೆಯೊಳಗಿನ ಮಜ್ಜೆ ರಕ್ತಕಣ ಹುಟ್ಟಿಸುವುದನ್ನೇ ಬಿಟ್ಟಿರಬಹುದು. ಆ ಹಂತ ಮುಟ್ಟಿದ ನಾಯಿಯನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಸೇನೆಯ ಜರ್ಮನ್ ಶೆಫರ್ಡ್‌ಗಳು ಮೂಗಿನಲ್ಲಿ ರಕ್ತ ಸುರಿಸುತ್ತ ಸಾಲುಸಾಲಾಗಿ ಸತ್ತದ್ದು ಇದೇ ರೋಗದಿಂದ.

ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಗೆ ಬಿದ್ದರೆ ವಾಂತಿ ತರಿಸುತ್ತದೆ. ಊಟವಾದ ಮೇಲೆ ಕೊಡಿ. ಮಾತ್ರೆಯನ್ನು ಮೊಸರನ್ನದ ಉಂಡೆಯಲ್ಲಿ ಅಡಗಿಸುತ್ತಿದ್ದೀರೇನೋ ಎಂದು ನನಗೊಂದು ಅನುಮಾನ. ಹಾಲು ಮೊಸರಿನ ಕ್ಯಾಲ್ಸಿಯಂ ಈ ಔಷಧವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಚಪಾತಿ ತುಂಡೋ ಬೇಯಿಸಿದ ಮೊಟ್ಟೆಯೋ ಸಾಕು. ಆಮೇಲೂ ವಾಂತಿಯಾದರೆ ಡಾಕ್ಟರಿಗೆ ಫೋನ್ ಮಾಡಿ, ನೀವಾಗಿ ಇನ್ನೊಂದು ಮಾತ್ರೆ ಹಾಕಬೇಡಿ.

ಬೆಕ್ಕಿಗೆ ಅರ್ಧವೂ ಬೇಡ, ಕಾಲೂ ಬೇಡ. ಕರಿಯನ ರೋಗ ಬೆಕ್ಕಿಗೆ ಬರುವುದು ಅಪರೂಪ. ಅದು ಮಂಕಾಗಲು ಬೇರೆ ನೂರು ಕಾರಣಗಳಿವೆ, ತೋರಿಸಿ. ಮೇಲಾಗಿ ಈ ಮಾತ್ರೆ ಒಣದಾಗಿ ಬೆಕ್ಕಿನ ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗಿ ನಾಳವೇ ಕಿರಿದಾಗಬಹುದು. ಹಾಗಾಗಿ ಡಾಕ್ಟರೇ ಬರೆದುಕೊಟ್ಟಾಗಲೂ ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ ನೀರು ಕುಡಿಸಬೇಕು. ಇನ್ನೆರಡು ಎಚ್ಚರಿಕೆ: ಮನುಷ್ಯರ ಪ್ಯಾರಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು; ನಾಯಿಯ ಬೆನ್ನಿಗೆ ಬಿಡುವ, ಪರ್ಮೆಥ್ರಿನ್ ಇರುವ ಉಣ್ಣಿ ಔಷಧವೂ ಅಷ್ಟೇ.

ನೀವು ಕೇಳದೆ ಬಿಟ್ಟದ್ದೊಂದಿದೆ. ಉಣ್ಣಿಗಳು ಈಗ ಎಲ್ಲಿವೆ? ಮೈಮೇಲೆ ಕಾಣುವುದು ಕೆಲವೇ. ನಾಯಿಯ ಕಂದು ಉಣ್ಣಿ ತನ್ನ ಆಯುಸ್ಸಿನಲ್ಲಿ ಮೂರು ಸಲ ನಾಯಿ ಹತ್ತಿ ಮೂರು ಸಲ ಇಳಿಯುತ್ತದೆ. ರಕ್ತ ಕುಡಿದು ಹೆಸರುಬೇಳೆಯಂತಿದ್ದದ್ದು ಕಡಲೆಕಾಳಿನಷ್ಟು ಉಬ್ಬಿದ ಹೆಣ್ಣು, ಗೋಡೆ ಬಿರುಕಿನಲ್ಲಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಕರಿಯ ಮಲಗುವ ಗೋಣಿಚೀಲ, ಚಪ್ಪಡಿ ಸಂದು, ಬಾಗಿಲ ಚೌಕಟ್ಟಿನ ಹಿಂಬದಿ ನೋಡಿ. ಗೋಣಿಚೀಲ ಸುಟ್ಟುಬಿಡಿ, ಬಿರುಕಿಗೆ ಸಿಮೆಂಟು ಮೆತ್ತಿಸಿ, ನೆಲ ಗೋಡೆಗೆ ಹೊಡೆಯುವ ಔಷಧವನ್ನು ಬೆಕ್ಕೂ ಇದೆ ಎಂದು ಹೇಳಿಯೇ ಡಾಕ್ಟರಲ್ಲಿ ಬರೆಸಿಕೊಳ್ಳಿ. ಸೀಮೆಎಣ್ಣೆ, ಫಿನೈಲ್ ಮೈಗೆ ಹಚ್ಚಬೇಡಿ. ಈ ಜ್ವರಕ್ಕೆ ಲಸಿಕೆಯಿಲ್ಲ. ಒಮ್ಮೆ ಬಂದು ಹೋದದ್ದು ಮತ್ತೆ ಬರಬಲ್ಲದು.

ಮಗಳು ಕರಿಯನನ್ನು ಮುಟ್ಟಿದರೆ, ಮುದ್ದಿಸಿದರೆ ಈ ಜ್ವರ ಅಂಟುವುದಿಲ್ಲ. ಉಣ್ಣಿಯನ್ನು ಮಾತ್ರ ಅವಳು ಕಿತ್ತು ಬೆರಳಲ್ಲಿ ಹೊಸಕದಂತೆ ನೋಡಿಕೊಳ್ಳಿ. ನೀವೇ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ಎಳೆಯಿರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ವೈರಸ್ಸಿನದು, ಅದನ್ನು ಹರಡುವ ಕಾಡಿನ ಉಣುಗಿನ ಜಾತಿಯೂ ಬೇರೆ.

28 ದಿನ ಮುಗಿದ ಮೇಲೆ ಪ್ಲೇಟ್‌ಲೆಟ್ ಎಣಿಸಿ ನೋಡಲಿ. ಹನಿ ರಕ್ತ ಬಿಟ್ಟು ಗೆರೆ ನೋಡುವ ಕಾರ್ಡ್ ಪರೀಕ್ಷೆ ಆಗಲೂ ಪಾಸಿಟಿವ್ ಬಂದೀತು, ಗಾಬರಿ ಬೇಡ. ಅದು ತೋರಿಸುವ ಪ್ರತಿಕಾಯಗಳು ರೋಗ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತವೆ. ಈ 28 ದಿನದೊಳಗೆ ಮತ್ತೆ ಮೂಗಿನಲ್ಲಿ ರಕ್ತ ಬಂದರೆ, ವಸಡು ಬಿಳಿಚಿದರೆ, ಹೊಟ್ಟೆಯ ಚರ್ಮದ ಮೇಲೆ ನೇರಳೆ ಕಲೆ ಕಂಡರೆ ಅದೇ ದಿನ ಕರೆದುಕೊಂಡು ಹೋಗಿ.