ಕಾಣಿಕೆ ಚೀಲ ಬರುವ ಮೊದಲು

ಪ್ರಶ್ನೆ: ಅಯ್ಯನವರೇ, ನಾನು ಖಾಸಗಿ ಶಾಲೆಯ ಶಿಕ್ಷಕ. ಸಂಬಳ 18,000 ರೂಪಾಯಿ. ಮನೆ ಬಾಡಿಗೆ, ತಂಗಿಯ ಮದುವೆ ಸಾಲದ ಕಂತು ಕಟ್ಟಿದ ಮೇಲೆ ಸಂಸಾರಕ್ಕೆ ಉಳಿಯುವುದು ಅಷ್ಟಕ್ಕಷ್ಟೇ. ದಶಮಾಂಶ ಕೊಡದವರು ದೇವರನ್ನೇ ದೋಚುವವರು, ಅವರಿಗೆ ಶಾಪ ತಪ್ಪದು ಎಂದು ನಮ್ಮ ಪ್ರಾರ್ಥನಾ ಕೂಟದಲ್ಲಿ ಹೇಳುತ್ತಾರೆ. ಮಗುವಿಗೆ ಜ್ವರ ಬಂದರೂ ದಶಮಾಂಶ ಬಾಕಿ ಉಳಿದದ್ದರಿಂದಲೇ ಎಂದು ಹೆಂಡತಿ ಅಳುತ್ತಾಳೆ.
– ಹಾಸನ

ಉತ್ತರ: ಮೊದಲು ನಿಮ್ಮ ಮನೆಯವರಿಗೆ ಧೈರ್ಯ ಹೇಳಿ. ಮಗುವಿನ ಜ್ವರ ದೇವರು ಬಾಕಿ ವಸೂಲಿಗೆ ಕಳಿಸಿದ್ದಲ್ಲ. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದ.

ನಿಮ್ಮನ್ನು ಹೆದರಿಸಲು ಬಳಸುತ್ತಿರುವ ಮಾತು ಮಲಾಕಿಯ ಮೂರನೆಯ ಅಧ್ಯಾಯದ್ದು. ಆ ಕಾಲದ ದಶಮಾಂಶವೆಂದರೆ ಮುಖ್ಯವಾಗಿ ಹೊಲದ ಧಾನ್ಯ, ದ್ರಾಕ್ಷಾರಸ, ಎಣ್ಣೆ. ಸ್ವಂತ ಜಮೀನಿನ ಪಾಲಿಲ್ಲದ ಲೇವಿಯರು ಅದರಿಂದಲೇ ಉಣ್ಣಬೇಕಿತ್ತು. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಕೂಡಿಟ್ಟು ಪರದೇಶಿಗಳು, ಅನಾಥರು, ವಿಧವೆಯರು ತಿಂದು ತೃಪ್ತರಾಗಲಿ ಎಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಇಲ್ಲದವರ ಹೊಟ್ಟೆ ತುಂಬಿಸಲು ಬಂದ ಕಟ್ಟಳೆಯನ್ನು ಇಲ್ಲದವರನ್ನೇ ಹೆದರಿಸಲು ಬಳಸುವುದು ನನಗೆ ಬಹಳ ನೋವಿನ ಸಂಗತಿ. ಮಲಾಕಿಯ ಅದೇ ಅಧ್ಯಾಯದ ಐದನೆಯ ವಚನವನ್ನೂ ಆ ಬೋಧಕರು ಓದಬೇಕು. ಕೂಲಿಯಾಳಿನ ಕೂಲಿಯಲ್ಲಿ ಮೋಸ ಮಾಡುವವರು, ವಿಧವೆಯರನ್ನೂ ಅನಾಥರನ್ನೂ ಹಿಂಸಿಸುವವರು ಅಲ್ಲಿ ದೇವರ ನ್ಯಾಯತೀರ್ಪಿಗೆ ಗುರಿಯಾಗುತ್ತಾರೆ.

ಪೌಲನು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಎರಡು ಅಧ್ಯಾಯ ಇದಕ್ಕೇ ಮೀಸಲಾಗಿವೆ. ಅಲ್ಲಿ ದಶಮಾಂಶದ ಸುದ್ದಿಯೇ ಇಲ್ಲ. ಅವನು ಮಾದರಿಯಾಗಿ ತೋರಿಸುವುದು ಮಕೆದೋನ್ಯದ ಸಭೆಗಳನ್ನು. ಕಡು ಬಡತನದಲ್ಲಿದ್ದ ಅವರು, ಈ ಸೇವೆಯಲ್ಲಿ ನಮಗೂ ಪಾಲು ಕೊಡಿ ಎಂದು ತಾವಾಗಿಯೇ ಬೇಡಿಕೊಂಡರು. ಹಣಕ್ಕಿಂತ ಮೊದಲು ತಮ್ಮನ್ನೇ ಕರ್ತನಿಗೆ ಒಪ್ಪಿಸಿದರು. ಐಶ್ವರ್ಯವಂತನಾಗಿದ್ದ ಕ್ರಿಸ್ತನು ನಮಗೋಸ್ಕರ ಬಡವನಾದದ್ದನ್ನು ಪೌಲ ಅಲ್ಲಿ ನೆನಪಿಸುತ್ತಾನೆ. ಕ್ರೈಸ್ತರು ಕೊಡುವುದು ಈ ಉಪಕಾರ ಪಡೆದವರಾಗಿ. ಇಷ್ಟು ಕೊಟ್ಟರೆ ದೇವರು ಇಷ್ಟು ಹಿಂದಿರುಗಿಸುತ್ತಾನೆ ಎಂಬ ಆಸೆಗಾಗಲಿ, ಕೊಡದಿದ್ದರೆ ಏನಾಗುವುದೋ ಎಂಬ ಭಯಕ್ಕಾಗಲಿ ಅಲ್ಲಿ ಎಡೆಯಿಲ್ಲ. ಮನಸ್ಸಿದ್ದರೆ ಇದ್ದದ್ದರಲ್ಲಿ ಕೊಟ್ಟದ್ದೇ ಮೆಚ್ಚಿಗೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎಂದೂ ಅವನು ಸ್ಪಷ್ಟವಾಗಿ ಬರೆದಿದ್ದಾನೆ.

ಹಾಗಾಗಿ ಸಾಲದ ಕಂತು ತಪ್ಪಿಸಬೇಡಿ. ಕೊಟ್ಟ ಮಾತು ಉಳಿಸಿಕೊಳ್ಳುವುದೂ ಭಕ್ತಿಯೇ. ಆದರೆ ಸಾಲ ತೀರಿದ ಮೇಲೆ ಕೊಡೋಣ ಎಂದು ಕೈ ಕಟ್ಟಿಕೊಂಡೂ ಕೂರಬೇಡಿ. ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗಲೇ ಒಂದು ಹಿಡಿ ಬೇರೆ ಪಾತ್ರೆಗೆ ಹಾಕಿ ಸಭೆಗೆ ಕೊಡುವ ರೂಢಿ ನೂರು ವರ್ಷಕ್ಕೂ ಹಳೆಯದು. ಮಿಷನ್ ಸೇವೆಗೆ ಅದು ದೊಡ್ಡ ಆಧಾರವಾಗಿದೆ. ಅನ್ನ ಬೇಯುವ ಮನೆಯಲ್ಲೆಲ್ಲ ಸಾಧ್ಯವಾಗುವ ಕಾಣಿಕೆ ಅದು. ನೀವೂ ಸಂಬಳ ಬಂದ ದಿನವೇ ಗಂಡಹೆಂಡತಿ ಕೂತು, ನೂರೋ ಇನ್ನೂರೋ, ಸಂತೋಷದಿಂದ ಆಗುವಷ್ಟನ್ನು ತೆಗೆದಿಡಿ.

ಪ್ರಶ್ನೆ: ನಮ್ಮ ಸಭೆಯ ಬೆಳೆ ಹಬ್ಬದ ಏಲಂನಲ್ಲಿ ಒಬ್ಬರು ಬಾಳೆಗೊನೆಯನ್ನು 10,000 ರೂಪಾಯಿಗೆ ಕೂಗಿದರು. ಮೈಕಿನಲ್ಲಿ ಅವರ ಹೆಸರು ಮತ್ತೆ ಮತ್ತೆ ಬಂತು. ನನ್ನ ಅತ್ತೆ ಹಿತ್ತಿಲಿನಲ್ಲಿ ಬೆಳೆದ ಬಸಳೆ ತಂದಿದ್ದರು. ಅದು 40 ರೂಪಾಯಿಗೆ ಹೋಯಿತು. ಮುಂದಿನ ವರ್ಷ ಏನೂ ತರುವುದಿಲ್ಲ ಎನ್ನುತ್ತಿದ್ದಾರೆ.
– ಉಡುಪಿ

ಉತ್ತರ: ಅಮ್ಮಾ, ಬಸಳೆ ತರಲೇಬೇಕೆಂದು ನಿಮ್ಮ ಅತ್ತೆಗೆ ನನ್ನ ವಿನಂತಿ ತಿಳಿಸಿ. ಬೀಜ ಹಾಕಿ, ನೀರೆರೆದು, ಚಪ್ಪರಕ್ಕೆ ಹಬ್ಬಿಸಿದ್ದನ್ನು ಅವರು ದೇವರ ಮುಂದೆ ಇಟ್ಟರು. ಏಲಂ ಕೂಗುವಷ್ಟರಲ್ಲಿ ಅವರ ಕಾಣಿಕೆ ಸಂದಾಗಿತ್ತು.

ದೇವಾಲಯದ ಬೊಕ್ಕಸದ ಎದುರು ಕೂತ ಯೇಸು ಕಂಡ ಬಡ ವಿಧವೆ ಹಾಕಿದ್ದು ಎರಡು ಪುಟ್ಟ ತಾಮ್ರದ ನಾಣ್ಯ, ಅಂದಿನ ದಿನಗೂಲಿಯ 64ರಲ್ಲಿ ಒಂದು ಪಾಲು. ತನ್ನಲ್ಲಿ ಎಷ್ಟು ಉಳಿಸಿಕೊಂಡಳು ಎಂಬುದನ್ನು ಅವನು ನೋಡಿದ. ಏನೂ ಉಳಿದಿರಲಿಲ್ಲ. ಈ ಕಥೆಯನ್ನು ಓದುವ ಸಭೆಗಳು ಮಾರ್ಕನ ಸುವಾರ್ತೆಯಲ್ಲಿ ಅದಕ್ಕೆ ತುಸು ಮೊದಲಿನ ಮಾತನ್ನು ಬಿಡಬಾರದು. ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳನ್ನು ಯೇಸು ಅಲ್ಲಿ ಖಂಡಿಸುತ್ತಾನೆ. ಬಡವಳ ತ್ಯಾಗವನ್ನು ಕೊಂಡಾಡಿದ ಮೇಲೆ ಅವಳ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ವಿಚಾರಿಸುವುದು ಸಭೆಯ ಹೊಣೆ.

ಏಲಂ ಕೆಟ್ಟದ್ದೆಂದು ನಾನು ಹೇಳಲಾರೆ, ಅದರಲ್ಲಿ ಊರಿಗೆ ಊರೇ ಸಂಭ್ರಮಪಡುತ್ತದೆ. ಕೂಗಿದವರ ಹೆಸರನ್ನು ಹಾಗೆ ಸಾರುವುದು ಮಾತ್ರ ಬೇಡ. ಹೆಸರಿನ ಆಸೆ ಏನು ಮಾಡುತ್ತದೆ ನೋಡಿ: ಅಪೊಸ್ತಲರ ಕಾಲದ ಸಭೆಯ ಅನನೀಯ ಹೊಲ ಮಾರಿದ ಹಣವನ್ನು ತಾನೇ ಇಟ್ಟುಕೊಳ್ಳಬಹುದಿತ್ತು, ಪೇತ್ರನೇ ಹಾಗೆಂದ. ಸ್ವಲ್ಪ ಬಚ್ಚಿಟ್ಟು, ಎಲ್ಲ ಕೊಟ್ಟವನೆನಿಸಿಕೊಳ್ಳಲು ಹೋಗಿ ಅವನು ಕೆಟ್ಟ. ಸಭಾ ಸಮಿತಿಯವರೊಂದಿಗೆ ಈ ವಿಷಯವನ್ನು ಸಮಾಧಾನವಾಗಿ ಮಾತನಾಡಿ.

ಪ್ರಶ್ನೆ: ನಮ್ಮ ಯಜಮಾನರು ಹೊಸ ದೇವಾಲಯದ ಕಟ್ಟಡ ನಿಧಿಗೆ ಒಂದು ಲಕ್ಷ ಕೊಡುತ್ತೇನೆಂದು ಬರೆಸಿದ್ದಾರೆ. ಅದಕ್ಕಾಗಿ, ಊರಿನಲ್ಲಿರುವ ಅವರ ತಾಯಿಯ ಔಷಧಿಗೆ ಕಳಿಸುತ್ತಿದ್ದ ಹಣ ನಿಲ್ಲಿಸಿದ್ದಾರೆ. ನಾನು ಹೇಳಿದರೆ, ದೇವರಿಗೆ ಅಡ್ಡ ಬರಬೇಡ ಎನ್ನುತ್ತಾರೆ.
– ಬೆಂಗಳೂರು

ಉತ್ತರ: ಮಾರ್ಕ 7ನೆಯ ಅಧ್ಯಾಯವನ್ನು ಇಬ್ಬರೂ ಒಟ್ಟಿಗೆ ಓದಿ. ನಿಮಗೆ ಸಲ್ಲಬೇಕಾದದ್ದು ದೇವರಿಗೆ ಮುಡಿಪಾಗಿದೆ ಎಂದು ಹೆತ್ತವರ ಕೈ ಬಿಡುತ್ತಿದ್ದವರನ್ನು, ನೀವು ದೇವರ ಆಜ್ಞೆಯನ್ನೇ ರದ್ದು ಮಾಡುತ್ತಿದ್ದೀರಿ ಎಂದು ಯೇಸು ಗದರಿಸಿದ. ತಾಯಿಯ ಔಷಧಿಯ ಹಣ ಈ ತಿಂಗಳೇ ಹೋಗಲಿ. ಕಟ್ಟಡದ ಹಣವನ್ನು ನಿಧಾನವಾಗಿ ಕೊಡುತ್ತೇನೆಂದು ನಿಮ್ಮ ಯಜಮಾನರು ಸಭಾಪಾಲಕರಿಗೆ ಹೇಳಲಿ. ಕುರಿಕಾಯುವ ಮನಸ್ಸಿರುವ ಯಾವ ಪಾಲಕರೂ ಬೇಸರಪಡುವುದಿಲ್ಲ.

ಪ್ರಶ್ನೆ: ಕಾಣಿಕೆ ಹಣದ ಲೆಕ್ಕ ಕೇಳಿದರೆ ಅಪನಂಬಿಕೆಯಾಗುತ್ತದೆಯೇ?
– ಗದಗ

ಉತ್ತರ: ಇಲ್ಲ. ಯೆರೂಸಲೇಮಿನ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದೆಂದು ಪೌಲ ತೀತನ ಜೊತೆಗೆ ಸಭೆಗಳಿಗೆ ಗೊತ್ತಿದ್ದ ಇನ್ನಿಬ್ಬರನ್ನೂ ಕಳಿಸಿದ. ಅಪೊಸ್ತಲನೇ ಇಷ್ಟು ಎಚ್ಚರವಾಗಿದ್ದ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಖಜಾಂಚಿಯನ್ನು ಗೌರವದಿಂದಲೇ ಕೇಳಿ: ಎಷ್ಟು ಬಂತು, ಎಷ್ಟು ಖರ್ಚಾಯಿತು, ಅದರಲ್ಲಿ ಬಡವರಿಗೆ ಹೋದದ್ದೆಷ್ಟು.